ಮಲೆನಾಡಿನ ಮನೆಗೆ ಮರದ ನೆಲ: ತೇಗ ಒಳ್ಳೆಯದೋ, ಮತ್ತಿಯೋ?

ನೆಲಮಟ್ಟದ ಹಾಲ್‌ಗೆ ಮರದ ನೆಲ ಹಾಕಿಸ್ತೀನಿ, ತೇಗ ತರಲೋ ಮತ್ತಿ ತರಲೋ ಅಂತ ಕೇಳಿದ್ದೀರಿ. ಹತ್ತು ವರ್ಷದ ಹಿಂದೆ ನಾನೂ ಇದೇ ಪ್ರಶ್ನೆ ಹೊತ್ತುಕೊಂಡು ಸಾಮಿಲ್‌ನಿಂದ ಸಾಮಿಲ್‌ಗೆ ಅಲೆದಿದ್ದೆ. ತೇಗಕ್ಕೆ ದುಡ್ಡು ಸಾಲದೆ ಮತ್ತಿ ಕೊಯ್ಸಿದೆ. ಆದರೆ ನನ್ನ ನೆಲ ಹಾಳಾಗಿದ್ದು ಮರದಿಂದಲ್ಲ.

ನಮ್ಮ ಮನೆ ತೀರ್ಥಹಳ್ಳಿ ಹತ್ತಿರ. ಮಹಡಿ ಮೇಲಿನ ಕೋಣೆ, 12 ಅಡಿಗೆ 14 ಅಡಿ. ನಾಲ್ಕು ಇಂಚು ಅಗಲದ ಹಲಗೆಗಳು, ಒಂದರ ಅಂಚು ಇನ್ನೊಂದರ ಕಚ್ಚಿನೊಳಗೆ ಕೂರುವಂಥವು. ಕೆಲಸ ಹಿಡಿದಿದ್ದು ಏಪ್ರಿಲ್‌ನಲ್ಲಿ. ಆಚಾರ್ರು ಮೊದಲ ದಿನವೇ ಹೇಳಿದರು, "ಗೋಡೆ ಪಕ್ಕ ಅರ್ಧ ಇಂಚು ಬಿಡ್ಬೇಕು ಮಾರಾಯ್ರೆ, ಮಳೆಗಾಲಕ್ಕೆ ಬೇಕಾಗ್ತದೆ." ನಾನು ಕೇಳಲಿಲ್ಲ. ಸಂದಿ ಬಿಟ್ಟರೆ ಅಸಹ್ಯ ಕಾಣುತ್ತೆ, ಒತ್ತಿ ಕೂರಿಸಿ ಅಂದೆ. ದುಡ್ಡು ಕೊಡುವವನು ನಾನಲ್ವಾ! ಕೊನೆಯ ಹಲಗೆಯನ್ನು ಬಡಿದು ಬಡಿದು ಕೂರಿಸಿದರು. ಉಗುರು ತೂರಲೂ ಜಾಗ ಇರಲಿಲ್ಲ. ಊರವರಿಗೆಲ್ಲ ಕರೆದು ತೋರಿಸಿದೆ.

ಜುಲೈ. ಹದಿನೈದು ದಿನ ಬಿಡದೆ ಮಳೆ. ಒಂದು ರಾತ್ರಿ ಢಬ್ ಅಂತ ಸದ್ದು. ಬೆಕ್ಕು ಏನೋ ಬೀಳಿಸಿರಬೇಕು ಅಂದುಕೊಂಡು ಮಲಗಿದೆ. ಬೆಳಿಗ್ಗೆ ನೋಡಿದರೆ ಕೋಣೆಯ ನಡುವೆ ನೆಲ ಗುಡಾರದ ಹಾಗೆ ಎದ್ದಿತ್ತು. ಮಂಚದ ಒಂದು ಕಾಲು ಗಾಳಿಯಲ್ಲಿ.

ಲೆಕ್ಕ ಹಾಕಿ ನೋಡಿ. 12 ಅಡಿ ಅಗಲಕ್ಕೆ ನಾಲ್ಕು ಇಂಚಿನ 36 ಹಲಗೆ. ಥಂಡಿ ಹೀರಿ ಒಂದೊಂದೂ ಅರ್ಧ ಮಿಲಿಮೀಟರ್ ಹಿಗ್ಗಿದರೆ ಒಟ್ಟು 18 ಮಿಲಿಮೀಟರ್. ಗೋಡೆ ಜಾಗ ಬಿಡಲ್ಲ, ಸರಿ, ಮೇಲೆ ಏಳಲೇಬೇಕು. ಉದ್ದಕ್ಕೆ ಮರ ಹೆಚ್ಚುಕಮ್ಮಿ ಹಿಗ್ಗುವುದೇ ಇಲ್ಲ, ಎಲ್ಲಾ ಅಗಲಕ್ಕೇ. ಇಷ್ಟಕ್ಕೂ ಆ ಸಂದಿ ಯಾರಿಗೂ ಕಾಣುತ್ತಿರಲಿಲ್ಲ, ಮೇಲೆ ಗೋಡೆಯ ಬುಡ ಮುಚ್ಚುವ ಸ್ಕರ್ಟಿಂಗ್ ಪಟ್ಟಿ ಬರುತ್ತಿತ್ತು! ಆ ಪಟ್ಟಿಯನ್ನೂ ಗೋಡೆಗೇ ಹೊಡೀಬೇಕು, ನೆಲಕ್ಕಲ್ಲ. ನೆಲಕ್ಕೆ ಹೊಡೆದರೆ ಹಲಗೆ ಮತ್ತೆ ಅಲ್ಲೇ ಸಿಕ್ಕಿಕೊಳ್ಳುತ್ತೆ.

ಡಿಸೆಂಬರ್‌ವರೆಗೆ ಕಾದು, ಹಲಗೆ ಕಿತ್ತು, ಅಂಚು ಕೊಯ್ದು ಮತ್ತೆ ಕೂರಿಸಿದೆವು. ಕೀಳುವಾಗ ಆರು ಹಲಗೆ ಸೀಳಿಹೋದವು. ಆಚಾರ್ರು "ನಾ ಹೇಳಿದ್ದೆ" ಅಂತ ಒಂದು ಮಾತೂ ಆಡಲಿಲ್ಲ. ಅದೇ ಜಾಸ್ತಿ ಚುಚ್ಚಿತು.

ಹಾಗಾಗಿ ತೇಗವೋ ಮತ್ತಿಯೋ ಅನ್ನೋದನ್ನು ಆಮೇಲೆ ನೋಡಿ. ತೇಗ ಹಿಗ್ಗೋದು ಕಮ್ಮಿ, ನಿಜ. ಆದರೆ ಜಾಗ ಬಿಡದಿದ್ದರೆ ಅದೂ ಏಳುತ್ತೆ. ಹಲಗೆ ತಂದು ಅದೇ ಕೋಣೆಯಲ್ಲಿ, ನಡುನಡುವೆ ರೀಪು ಇಟ್ಟು, ಎರಡು ಮೂರು ವಾರ ಜೋಡಿಸಿಡಿ. ಕೆಳಗಿನ ಸಿಮೆಂಟ್ ಒಣಗಿದೆಯಾ ನೋಡಲು ಪ್ಲಾಸ್ಟಿಕ್ ಹಾಳೆ ಹಾಸಿ ಸುತ್ತ ಟೇಪ್ ಅಂಟಿಸಿ. ಎರಡು ದಿನ ಬಿಟ್ಟು ಎತ್ತಿದಾಗ ಅಡಿಯಲ್ಲಿ ಬೆವರು ಕಂಡರೆ ಆಚಾರ್ರನ್ನು ವಾಪಸ್ ಕಳಿಸಿ.

ನೀವು ನೆಲಮಟ್ಟದ ಹಾಲ್‌ಗೆ ಹಾಕಿಸ್ತೀನಿ ಅಂದಿದ್ದೀರಿ. ನನ್ನ ಕೇಳಿದರೆ ಬೇಡವೇ ಬೇಡ. ನಮ್ಮ ಕಡೆ ಮಣ್ಣಿನ ಥಂಡಿ ಮೇಲೇರುತ್ತಲೇ ಇರುತ್ತೆ. ಅಲ್ಲಿಗೆ ಸುಮ್ನೆ ರೆಡ್ ಆಕ್ಸೈಡ್ ಹಾಕಿಸಿ, ಮರವನ್ನು ಮಹಡಿಗೆ ಇಟ್ಟುಕೊಳ್ಳಿ.

ಇನ್ನೊಂದು. ಬೇಸಿಗೆಯಲ್ಲಿ ಹಲಗೆಗಳ ನಡುವೆ ಬಸ್ ಟಿಕೆಟ್ ತೂರುವಷ್ಟು ಸಂದಿ ಕಾಣುತ್ತೆ. ಪುಟ್ಟಿ ತುಂಬಬೇಡಿ. ಮಳೆ ಹಿಡಿದರೆ ಸಂದಿ ತಾನೇ ಮುಚ್ಚಿಕೊಳ್ಳುತ್ತೆ, ಪುಟ್ಟಿ ಪುಡಿಪುಡಿಯಾಗಿ ಮೇಲೆ ಬರುತ್ತೆ. ಅದನ್ನೂ ಮಾಡಿ ನೋಡಿದ್ದೀನಿ.