ಅಮೆರಿಕದ ಮಾಜಿ ಸೈನಿಕರ ಇಲಾಖೆಯ ಮೇಲೆ ಕಣ್ಣಿಡುವವರು ಯಾರು?

ಮುಖ್ಯವಾಗಿ ಸಂಸತ್ತು. ಇಲಾಖೆಯ ಕಾರ್ಯದರ್ಶಿಯನ್ನು, ಅಂದರೆ ನಮ್ಮ ಲೆಕ್ಕದಲ್ಲಿ ಸಚಿವರನ್ನು, ಅಧ್ಯಕ್ಷರು ಹೆಸರಿಸುತ್ತಾರೆ, ಸೆನೆಟ್ ಒಪ್ಪಬೇಕು. ಆಮೇಲೆ ಎರಡೂ ಸದನಗಳ ಸಮಿತಿಗಳು ಅವರನ್ನು ಕರೆಸಿ ಪ್ರಶ್ನಿಸುತ್ತವೆ, ಅನುದಾನವನ್ನೂ ಸಂಸತ್ತೇ ಮಂಜೂರು ಮಾಡುತ್ತದೆ. ಆದರೆ ಮಾಜಿ ಸೈನಿಕರಿಗಾಗಿ ಇಲಾಖೆ ನಡೆಸುವ ಆಸ್ಪತ್ರೆಗೆ ಹೋಗಿ ಕಡತ ತೆರೆಯುವುದು ಇನ್ಸ್‌ಪೆಕ್ಟರ್ ಜನರಲ್ ಎಂಬ ತನಿಖಾಧಿಕಾರಿಯ ಕಚೇರಿ. ಅವರು ಇಲಾಖೆಯೊಳಗೇ ಇದ್ದರೂ ವರದಿಯನ್ನು ಸಂಸತ್ತಿಗೂ ಕೊಡಬೇಕು. ತನಿಖೆ ನಿಲ್ಲಿಸಿ ಎನ್ನುವ ಅಧಿಕಾರ ಕಾರ್ಯದರ್ಶಿಗೆ ಸಾಮಾನ್ಯವಾಗಿ ಇಲ್ಲ.

ಹೊರಗಿನ ಕಣ್ಣು ಯಾಕೆ ಬೇಕು? ಕೆಲಸ ಮಾಡುವವರೇ ಅದರ ಅಂಕಿ ಅಂಶವನ್ನೂ ಬರೆಯುತ್ತಾರೆ, ಅದಕ್ಕೆ. 14 ದಿನದೊಳಗೆ ವೈದ್ಯರ ಭೇಟಿ ಎಂಬ ಗುರಿಯನ್ನು ಇಲಾಖೆ ಅಧಿಕಾರಿಗಳ ಮೌಲ್ಯಮಾಪನಕ್ಕೆ ಜೋಡಿಸಿತ್ತು. ವೈದ್ಯರು ಸಾಲದಿದ್ದಾಗ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿರುವ ಇಲಾಖೆಯ ಆಸ್ಪತ್ರೆಯಲ್ಲಿ ಕಾಯುವವರ ಹೆಸರುಗಳು ಅಧಿಕೃತ ಪಟ್ಟಿಗೇ ಬರಲಿಲ್ಲ. ಮೇಲಿನವರಿಗೆ ಕಂಡ ಲೆಕ್ಕ ಚೊಕ್ಕ! 2014ರಲ್ಲಿ ಇದು ಬಯಲಾಗಿ ಕಾರ್ಯದರ್ಶಿ ಎರಿಕ್ ಶಿನ್ಸೆಕಿ ರಾಜೀನಾಮೆ ಕೊಟ್ಟರು. 2018ರ ಕಾನೂನಿನ ನಂತರ ಬಂದ ನಿಯಮದಂತೆ, ಸಾಮಾನ್ಯ ಚಿಕಿತ್ಸೆಗೆ 20 ದಿನ, ತಜ್ಞರಿಗೆ 28 ದಿನ ಮೀರಿದರೆ ಇಲಾಖೆಯ ಖರ್ಚಿನಲ್ಲೇ ಹೊರಗಿನ ವೈದ್ಯರ ಬಳಿ ಹೋಗಲು ಅರ್ಹತೆ ಸಿಗುತ್ತದೆ.

ಒಂದು ಮಿತಿ ಇದೆ: ಇನ್ಸ್‌ಪೆಕ್ಟರ್ ಜನರಲ್ ಶಿಫಾರಸು ಮಾಡಬಹುದು, ಆದೇಶಿಸುವಂತಿಲ್ಲ. ಒಬ್ಬರ ಪಿಂಚಣಿ ಅರ್ಜಿ ತಿರಸ್ಕಾರವಾದರೆ ಇನ್ಸ್‌ಪೆಕ್ಟರ್ ಜನರಲ್ ಬಳಿ ಹೋಗಿ ಫಲವಿಲ್ಲ. ಅದಕ್ಕೆ ಮೇಲ್ಮನವಿಯ ದಾರಿಯೇ ಬೇರೆ, ಸಾಮಾನ್ಯವಾಗಿ ಒಂದು ವರ್ಷದೊಳಗೆ ಹಿಡಿಯಬೇಕು.