ಎಡಿಬಿಯಲ್ಲಿ (ಏಷ್ಯನ್ ಅಭಿವೃದ್ಧಿ ಬ್ಯಾಂಕಿನಲ್ಲಿ) ಹೆಚ್ಚು ದುಡ್ಡು ಹಾಕಿದ ಜಪಾನ್ ಹೇಳಿದ್ದೇ ನಡೆಯುತ್ತದೆಯೇ? ಇದರ ಮೇಲೆ ಪ್ರಬಂಧ ಬರೆಯಬಹುದೇ?

ಬರೆಯಿರಿ, ಆದರೆ ಈ ಪ್ರಶ್ನೆ ಹಿಡಿದು ಬೇಡ. ಎಂ.ಫಿಲ್‌ನಲ್ಲಿ ನಾನೂ ಇದನ್ನೇ ಹಿಡಿದು ಕೂತಿದ್ದೆ.

ನಾನು ಮಂಗಳೂರಿನವಳು. ನಮ್ಮ ಕಡೆ ಕುಡ್ಸೆಂಪ್ ಅಂದರೆ ಅಗೆದ ರಸ್ತೆ, ಒಳಚರಂಡಿ ಪೈಪು, ಜನರ ಬೈಗುಳ. ಕರಾವಳಿ ಊರುಗಳ ನೀರು, ಒಳಚರಂಡಿಗೆಂದು 1999ರಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕ್ ಸಾಲ ಕೊಟ್ಟ ಯೋಜನೆ ಅದು. ಬ್ಯಾಂಕಿನಲ್ಲಿ ಜಪಾನಿನದು ದೊಡ್ಡ ಪಾಲು. 1966ರಿಂದ ಅಧ್ಯಕ್ಷರೆಲ್ಲ ಜಪಾನಿನವರೇ. ಸರಿ, ಜಪಾನಿಯರ ತೆರಿಗೆ ದುಡ್ಡಿನಲ್ಲಿ ನಮ್ಮ ಚರಂಡಿ, ಆದ್ದರಿಂದ ಅವರದೇ ಷರತ್ತು ಎಂದು ಇಡೀ ಪ್ರಬಂಧ ಹೆಣೆದುಬಿಟ್ಟೆ.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಕೇಳಿದ್ದು ಒಂದೇ: "ಯಾವ ನಿಧಿಯ ಸಾಲಮ್ಮ ಇದು?" ನನ್ನ ಬಾಯಿ ಕಟ್ಟಿತು. ಪೂರ್ತಿ ತಿದ್ದಿ ಬರೆಯುವಷ್ಟರಲ್ಲಿ ಒಂದು ವರ್ಷ ಹೋಯಿತು, ಕೈಗೆ ಬರಲಿದ್ದ ಉಪನ್ಯಾಸಕಿ ಕೆಲಸವೂ ಹೋಯಿತು.

ತಪ್ಪಿದ್ದು ಇಲ್ಲಿ. ಅದು ಬ್ಯಾಂಕಿನ ಸಾಮಾನ್ಯ ಬಂಡವಾಳದ ಸಾಲ. ಈ ಬಂಡವಾಳಕ್ಕೆ ಸದಸ್ಯ ದೇಶಗಳು ನಗದಾಗಿ ಕಟ್ಟುವುದು ಅಲ್ಪ; ಮಿಕ್ಕದ್ದು, ಬ್ಯಾಂಕ್ ಕಷ್ಟಕ್ಕೆ ಸಿಕ್ಕಿ ಕೇಳಿದರೆ ಕೊಡುತ್ತೇವೆಂಬ ಮಾತು. ಆ ಮಾತಿನ ಬಲದ ಮೇಲೆ ಬ್ಯಾಂಕ್ ಮಾರುಕಟ್ಟೆಯಲ್ಲಿ ಬಾಂಡ್ ಮಾರಿ ಅಗ್ಗದಲ್ಲಿ ಹಣ ಎತ್ತುತ್ತದೆ, ನಮಗೆ ಸ್ವಲ್ಪ ಹೆಚ್ಚಿನ ಬಡ್ಡಿಗೆ ಕೊಡುತ್ತದೆ. ಸೊಸೈಟಿ ಸಾಲಕ್ಕೆ ಮಾವ ಜಾಮೀನು ನಿಂತ ಹಾಗೆ: ಅವರ ಸಹಿಯಿಲ್ಲದೆ ಸಾಲ ಹುಟ್ಟದು, ಆದರೆ ಕೈಗೆ ಬಂದದ್ದು ಅವರ ದುಡ್ಡಲ್ಲ. ಜಪಾನ್ ನಿಜವಾಗಿ ದಾನಿಯಾಗಿ ಕೊಡುವುದು ಏಷ್ಯನ್ ಅಭಿವೃದ್ಧಿ ನಿಧಿಗೆ. ಅದು ಬಡ ದೇಶಗಳ ಪಾಲು, ಭಾರತಕ್ಕೆ ಸಿಗುವುದಿಲ್ಲ. (ಬೆಂಗಳೂರಿನ ಕಾವೇರಿ ನೀರಿನ ಯೋಜನೆಗೆ ಬಂದ ಜೈಕಾ ಸಾಲ ಜಪಾನ್ ತನ್ನ ಸರ್ಕಾರಿ ನೆರವು ಸಂಸ್ಥೆಯ ಮೂಲಕ ನೇರವಾಗಿ ಕೊಟ್ಟದ್ದು. ಇದಕ್ಕೂ ಅದಕ್ಕೂ ಗಂಟು ಹಾಕಬೇಡಿ.)

ಮತ ಎಣಿಸಿಯೂ ಯಜಮಾನಿಕೆ ಸಾಬೀತಾಗುವುದಿಲ್ಲ. ಜಪಾನ್, ಅಮೆರಿಕ ಇಬ್ಬರದೂ ಸುಮಾರು 15.6% ಷೇರು, ಸಮಸಮ. ಒಟ್ಟು ಮತಗಳಲ್ಲಿ ಐದನೇ ಒಂದು ಭಾಗವನ್ನು ಎಲ್ಲ ಸದಸ್ಯರಿಗೂ ಸಮನಾಗಿ ಹಂಚುವುದರಿಂದ ಜಪಾನಿನ ಮತ 13%ಕ್ಕೂ ಕೆಳಗಿಳಿಯುತ್ತದೆ. 1965ರಲ್ಲಿ ಕೇಂದ್ರ ಕಚೇರಿ ಟೋಕಿಯೋಗೆ ಬೇಕೆಂದು ಜಪಾನ್ ಹಟ ಹಿಡಿದಿತ್ತು. ಮತದಾನದಲ್ಲಿ ಗೆದ್ದದ್ದು ಮನಿಲಾ.

ಹಿಡಿತ ಇರುವುದು ಬೇರೆ ಕಡೆ. ಬ್ಯಾಂಕಿನ ಇತ್ತೀಚಿನ ಅಧ್ಯಕ್ಷರನ್ನು ನೋಡಿ: ಕುರೋಡ, ನಕಾವೊ, ಅಸಕಾವ, 2025ರಲ್ಲಿ ಬಂದ ಕಾಂಡ, ನಾಲ್ವರೂ ಟೋಕಿಯೋ ಹಣಕಾಸು ಸಚಿವಾಲಯದಲ್ಲಿ ಅಂತರರಾಷ್ಟ್ರೀಯ ವ್ಯವಹಾರಗಳ ಉಪಸಚಿವ ಎಂಬ ಒಂದೇ ಕುರ್ಚಿಯಲ್ಲಿ ಕೂತವರು. ನನ್ನ ಕೇಳಿದರೆ ಪ್ರಬಂಧ ಬರೆಯಬೇಕಾದ್ದು ಆ ಕುರ್ಚಿಯ ಮೇಲೆ. ಕುರೋಡ 2013ರಲ್ಲಿ ಎಡಿಬಿ ಬಿಟ್ಟು ಹೋಗಿ ಜಪಾನಿನ ಕೇಂದ್ರ ಬ್ಯಾಂಕಾದ ಬ್ಯಾಂಕ್ ಆಫ್ ಜಪಾನ್ ಗವರ್ನರ್ ಆದದ್ದನ್ನೂ ಸೇರಿಸಿಕೊಳ್ಳಿ.

ಯಾವುದಾದರೂ ಯೋಜನೆಯನ್ನು ಉದಾಹರಣೆಗೆ ಎತ್ತಿಕೊಳ್ಳುವುದಾದರೆ ಅದರ ಸಾಲಪತ್ರ ತೆಗೆದು ಮೊದಲು ನಿಧಿಯ ಹೆಸರು ಬರೆದಿಟ್ಟುಕೊಳ್ಳಿ. ಮಾರ್ಗದರ್ಶಕರು ಅದನ್ನು ಕೇಳುವುದಿಲ್ಲ, ಪರೀಕ್ಷಕರು ಕೇಳುತ್ತಾರೆ.