ಆನ್‌ಲೈನ್‌ನಲ್ಲಿ ಪರಿಚಯವಾದ ಗೆಳೆಯರ ಜೊತೆ ಸೇರಿ ಯಾವತ್ತಾದರೂ ಅಂಕಿಗಳ ಗೂಢ ಒಗಟು ಬಿಡಿಸಲು ಕೂತಿದ್ದೀರಾ? ಹೇಗಿತ್ತು ಆ ಅನುಭವ?

ಕೂತಿದ್ದೇನೆ. ಆರು ವಾರ ಕೂತಿದ್ದೆ. ಒಗಟು ಯಾವುದು ಅಂದರೆ ಸಿರಿಭೂವಲಯದ ಮೊದಲ ಚಕ್ರ.

ಹೆಸರು ಕೇಳಿರದವರಿಗೆ ಎರಡು ಮಾತು. ಸಿರಿಭೂವಲಯ ಅನ್ನುವುದು ಕುಮುದೇಂದು ಮುನಿ ಅನ್ನುವ ಜೈನ ಕವಿಯ ಹೆಸರಿನಲ್ಲಿರುವ ಕನ್ನಡ ಕಾವ್ಯ. ಅದರಲ್ಲಿ ಅಕ್ಷರವೇ ಇಲ್ಲ. ಪೂರ್ತಿ ಅಂಕಿ. ಉದ್ದಕ್ಕೆ 27 ಮನೆ, ಅಡ್ಡಕ್ಕೆ 27 ಮನೆ, ಒಟ್ಟು 729 ಮನೆಗಳ ಚೌಕ. ಒಂದೊಂದು ಮನೆಯಲ್ಲೂ 1ರಿಂದ 64ರ ಒಳಗಿನ ಒಂದು ಸಂಖ್ಯೆ. ಇಂಥ ಒಂದು ಚೌಕಕ್ಕೆ ಚಕ್ರ ಅಂತ ಹೆಸರು. ಸರಿಯಾದ ದಾರಿಯಲ್ಲಿ ನಡೆದರೆ ಅಂಕಿಯೊಳಗಿಂದ ಪದ್ಯ ಬರುತ್ತದೆ.

ನಾವು ಐದು ಜನ. ಪರಿಚಯವಾಗಿದ್ದು ಪದಬಂಧ ಬಿಡಿಸುವ ಒಂದು ವಾಟ್ಸಾಪ್ ಗುಂಪಿನಲ್ಲಿ. ಒಬ್ಬರನ್ನೊಬ್ಬರು ಮುಖತಃ ನೋಡಿರಲಿಲ್ಲ. ಶಿವಮೊಗ್ಗದ ರಾಯರು, ಕೆಲಸದಿಂದ ನಿವೃತ್ತರಾದವರು. ಹಾಸನದ ಕಡೆಯ ಒಬ್ಬ ಗಣಿತ ಮೇಷ್ಟ್ರು. ಧಾರವಾಡದಲ್ಲಿ ಎಂ.ಎಸ್ಸಿ. ಓದುವ ಹುಡುಗಿ. ನ್ಯೂಜೆರ್ಸಿಯಲ್ಲಿರುವ ಮೈಸೂರಿನ ಅಕ್ಕ. ಆಮೇಲೆ ನಾನು, ತುಮಕೂರಿನಲ್ಲಿ ಲೆಕ್ಕಪತ್ರ ಬರೆಯುವವನು. ರಾತ್ರಿ ಹತ್ತಕ್ಕೆ ನಾವು ಊಟ ಮುಗಿಸಿ ಕೂತರೆ ಅಕ್ಕನಿಗೆ ಅಲ್ಲಿ ಮಧ್ಯಾಹ್ನ ಹನ್ನೆರಡೂವರೆ. ಊಟದ ಬಿಡುವಿನಲ್ಲಿ ಬರುತ್ತಿದ್ದರು.

ಶುರು ಮಾಡಿದ್ದು ರಾಯರು. ಒಂದು ದಿನ ಗುಂಪಿನಲ್ಲಿ ಒಂದು ಫೋಟೋ ಹಾಕಿದರು. ಉದ್ದನೆಯ ಹಾಳೆಯ ಮೇಲೆ ಕೈಯಿಂದ ಗೆರೆ ಎಳೆದು, ಕನ್ನಡ ಅಂಕಿಯಲ್ಲಿ ಬರೆದ ಚೌಕ. ಕೆಳಗೆ ಒಂದು ಸಾಲು: "ಯಾವ ಅಂಕಿಗೆ ಯಾವ ಅಕ್ಷರ ಅಂತ ನಾನು ಹೇಳ್ತೀನಿ. ದಾರಿ ಮಾತ್ರ ನೀವೇ ಹುಡುಕಬೇಕು." ಉತ್ತರ ಅಚ್ಚಾಗಿ ಎಪ್ಪತ್ತು ವರ್ಷ ಆಗಿದೆ, ಹುಡುಕಿದರೆ ಸಿಗುತ್ತದೆ. ಯಾರೂ ನೋಡಬಾರದು ಅಂತ ಮಾತಾಯಿತು. ಯಾರೂ ನೋಡಲಿಲ್ಲ. ಇವತ್ತಿಗೂ ನನಗೆ ಅದೇ ದೊಡ್ಡದು ಅನಿಸುತ್ತದೆ. ಮುಖ ನೋಡದವರ ಮಾತಿನ ಮೇಲೆ ಅಷ್ಟು ನಂಬಿಕೆ ಇತ್ತು.

ಅಕ್ಷರದ ಲೆಕ್ಕ ಬಹಳ ಚೆಂದ ಇದೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಅ, ಇ, ಉ, ಋ, ಌ, ಎ, ಐ, ಒ, ಔ ಅಂತ ಒಂಬತ್ತು ಸ್ವರ. ಒಂದೊಂದಕ್ಕೂ ಹ್ರಸ್ವ, ದೀರ್ಘ, ಪ್ಲುತ ಅಂತ ಮೂರು ರೂಪ. ಪ್ಲುತ ಅಂದರೆ ದೂರ ಹೋಗುತ್ತಿರುವವರನ್ನು ಕೂಗಿ ಕರೆಯುವಾಗ ಕೊನೆಯ ಸ್ವರ ಎಳೆಯುತ್ತೀವಲ್ಲ, ಅದು. ಒಂಬತ್ತು ಮೂರಲೆ 27. ಆಮೇಲೆ ಕ ದಿಂದ ಮ ವರೆಗೆ 25 ವರ್ಗೀಯ ವ್ಯಂಜನ. ಅಲ್ಲಿಗೆ 52. ಯ ರ ಲ ವ ಶ ಷ ಸ ಹ ಎಂಟು, 60. ಅನುಸ್ವಾರ ವಿಸರ್ಗ ಸೇರಿ ನಾಲ್ಕು ಯೋಗವಾಹ, 64. ಹಾಗಾಗಿ ಅ ಅಂದರೆ 1, ಕ್ ಅಂದರೆ 28, ಮ್ ಅಂದರೆ 52, ಹ್ ಅಂದರೆ 60. ಇಲ್ಲಿ 'ಕ' ಒಂದು ಮನೆಯಲ್ಲ, ಎರಡು ಮನೆ: ಕ್ ಒಂದು, ಅ ಒಂದು. ನಾವು ಬಾಯಲ್ಲಿ ಆಡುವ ಒಂದೊಂದು ದನಿಗೂ ಒಂದೊಂದು ಮನೆ. ಒಂದನೇ ಕ್ಲಾಸಿನಲ್ಲಿ ಕಾಗುಣಿತ ಕಲಿತ ಮೇಲೆ ನಾನು ಕನ್ನಡವನ್ನು ಹೀಗೆ ಬಿಡಿಸಿ ನೋಡಿಯೇ ಇರಲಿಲ್ಲ.

ಮೊದಲು ಚೌಕವನ್ನು ಎಕ್ಸೆಲ್‌ಗೆ ಹಾಕಬೇಕಿತ್ತು. ಹುಡುಗಿ, ಅಕ್ಕ, ನಾನು ತಲಾ ಒಂಬತ್ತು ಸಾಲು ಹಂಚಿಕೊಂಡೆವು. ಒಬ್ಬೊಬ್ಬರಿಗೆ 243 ಮನೆ. ರಾಯರ ಕೈಬರಹ ದುಂಡಗೆ ಇತ್ತು, ಆದರೂ ಫೋಟೋ ಸ್ವಲ್ಪ ಮಬ್ಬು. ಈ ಮಬ್ಬಿನ ಕಥೆ ಮುಂದೆ ಬರುತ್ತದೆ.

ಮೊದಲ ಎರಡು ವಾರ ಬರೀ ಸುತ್ತಾಟ. ಎಡದಿಂದ ಬಲಕ್ಕೆ ಓದಿದೆವು, ಏನೂ ಬರಲಿಲ್ಲ. ಮೇಲಿಂದ ಕೆಳಕ್ಕೆ, ಬಲದಿಂದ ಎಡಕ್ಕೆ, ನೇಗಿಲು ತಿರುಗಿಸಿದ ಹಾಗೆ ಒಂದು ಸಾಲು ಆಕಡೆ ಒಂದು ಸಾಲು ಈಕಡೆ, ಹೊರಗಿನಿಂದ ಸುರುಳಿ ಸುತ್ತಿ ಒಳಕ್ಕೆ. ಚದುರಂಗದ ಕುದುರೆ ನಡೆಯನ್ನೂ ನೋಡಿದೆವು. ಎಲ್ಲೋ ಮಧ್ಯದಲ್ಲಿ 'ಮನ' ಅಂತಲೋ 'ಕರ' ಅಂತಲೋ ಒಂದು ಮಾತು ಕಾಣಿಸಿದರೆ ಸಾಕು, ಗುಂಪಿನಲ್ಲಿ ಹಬ್ಬ. ಮುಂದಿನ ಎರಡು ಮನೆಯಲ್ಲಿ ಅದು ಒಡೆದುಹೋಗುತ್ತಿತ್ತು. ರಾಯರು ಎಲ್ಲ ನೋಡುತ್ತಿದ್ದರು, ಬಾಯಿ ಬಿಡುತ್ತಿರಲಿಲ್ಲ. "ಕೇಳ್ಬೇಡಿ, ನಾನು ಹೇಳಿದ್ರೆ ನಿಮಗೇ ನಷ್ಟ" ಅಂದುಬಿಡುತ್ತಿದ್ದರು.

ಬಾಗಿಲು ತೆಗೆದವಳು ಧಾರವಾಡದ ಹುಡುಗಿ. ಅವಳು ಅರ್ಥ ಹುಡುಕುವುದನ್ನೇ ಬಿಟ್ಟಳು. ಅವಳ ಯೋಚನೆ ಇಷ್ಟು: ಕನ್ನಡದಲ್ಲಿ ವ್ಯಂಜನ ಆದಮೇಲೆ ಸ್ವರ ಬರುತ್ತೆ, ಸ್ವರ ಆದಮೇಲೆ ವ್ಯಂಜನ. ಒತ್ತಕ್ಷರ ಇದ್ದರೆ ಎರಡು ವ್ಯಂಜನ ಒಟ್ಟಿಗೆ ಬರಬಹುದು. ಆದರೆ ಸ್ವರದ ಪಕ್ಕ ಇನ್ನೊಂದು ಸ್ವರ ಬರುವುದು ಬಹಳ ಅಪರೂಪ, ಸಂಧಿ ಆಗಿಬಿಡುತ್ತಲ್ಲ. ಹಾಗಿದ್ದರೆ 27ರ ಒಳಗಿನ ಎರಡು ಸಂಖ್ಯೆ ಯಾವ ದಿಕ್ಕಿನಲ್ಲಿ ಅಕ್ಕಪಕ್ಕ ಬರುವುದಿಲ್ಲವೋ ಅದೇ ಓದುವ ದಿಕ್ಕು. ಅಡ್ಡ ಸಾಲಿನಲ್ಲಿ ನೋಡಿದರೆ ಅ ಪಕ್ಕ ಅ ಬೇಕಾದಷ್ಟು. ಉದ್ದ ಸಾಲಿನಲ್ಲೂ ಅದೇ ಗೋಳು. ಮೂಲೆಯಿಂದ ಮೂಲೆಗೆ ಓರೆಯಾಗಿ ನೋಡಿದಾಗ ಸ್ವರದ ಜೋಡಿ ಹೆಚ್ಚುಕಡಿಮೆ ಮಾಯ. ಒಂದು ಮನೆ ಬಲಕ್ಕೆ, ಒಂದು ಮನೆ ಮೇಲಕ್ಕೆ. ಚದುರಂಗದಲ್ಲಿ ಒಂಟೆ ನಡೆದ ಹಾಗೆ.

ಆ ರಾತ್ರಿ ಅವಳು ಕಳಿಸಿದ ಧ್ವನಿ ಸಂದೇಶ ಇನ್ನೂ ನನ್ನ ಫೋನಿನಲ್ಲಿದೆ. "ಸರ್ರಾ, ಅಕ್ಕಾ, ಎಲ್ಲಾರೂ ಎದ್ದೀರೇನ್ರೀ? ದಿಕ್ಕ್ ಸಿಕ್ತ್ ನೋಡ್ರಿ!" ರಾಯರು ಆಗ ಮೊದಲ ಸಲ ಬಾಯಿಬಿಟ್ಟರು. "ಭೇಷ್ ಪುಟ್ಟಾ" ಅಂತ ಎರಡೇ ಮಾತು. ನಮಗೆ ಅಷ್ಟು ಸಾಕಾಗಿತ್ತು.

ದಿಕ್ಕು ಸಿಕ್ಕಿತು, ಆದರೆ ಎಲ್ಲಿಂದ ಶುರು? ಇದನ್ನು ಬಿಡಿಸಿದ್ದು ಮೇಷ್ಟ್ರು. 27 ಬೆಸ ಸಂಖ್ಯೆ. ಬೆಸ ಮನೆಗಳ ಚೌಕ, ಓರೆ ನಡೆ, ಇವೆರಡನ್ನೂ ನೋಡಿದ ತಕ್ಷಣ ಅವರಿಗೆ ಮಾಯಾಚೌಕ ನೆನಪಾಯಿತು. ಮೂರು ಮೂರಲೆ ಚೌಕದಲ್ಲಿ 1ರಿಂದ 9 ತುಂಬಿ, ಯಾವ ಕಡೆ ಕೂಡಿದರೂ 15 ಬರಬೇಕು ಅನ್ನುವ ಆಟ ನೀವೂ ಆಡಿರಬಹುದು. ಅದನ್ನು ತುಂಬಲು ಒಂದು ಕ್ರಮ ಇದೆ. ಮೇಲಿನ ಸಾಲಿನ ನಟ್ಟನಡುವಿನ ಮನೆಯಲ್ಲಿ 1 ಇಡಬೇಕು. ಅಲ್ಲಿಂದ ಓರೆಯಾಗಿ ಮೇಲಕ್ಕೆ ಬಲಕ್ಕೆ ಹೋಗಬೇಕು. ಮೇಲೆ ಜಾಗ ಮುಗಿದರೆ ಬಲಪಕ್ಕದ ಕಂಬಸಾಲಿನ ತಳಕ್ಕೆ ಬರಬೇಕು. ಬಲಕ್ಕೆ ಮುಗಿದರೆ ಮೇಲಿನ ಸಾಲಿನ ಎಡ ಅಂಚಿಗೆ ಬರಬೇಕು. ಮುಂದಿನ ಮನೆ ಮೊದಲೇ ತುಂಬಿದ್ದರೆ ಇದ್ದಲ್ಲಿಂದ ಒಂದು ಮನೆ ಕೆಳಗೆ ಇಳಿಯಬೇಕು.

ನಮ್ಮ ಚೌಕದ ಮೇಲಿನ ಸಾಲಿನ ನಡು ಅಂದರೆ 14ನೇ ಮನೆ. ನೋಡಿದೆವು. ಅಲ್ಲಿ 1 ಇತ್ತು. ಅ.

ಅದರ ಮೇಲೆ ಸಾಲಿಲ್ಲ. ಹಾಗಾಗಿ 15ನೇ ಕಂಬಸಾಲಿನ ತಳದ ಮನೆ. 58. ಷ್. ಅಲ್ಲಿಂದ ಓರೆ. 38. ಟ್. ಮತ್ತೆ ಓರೆ. 1. ಅ.

ಅಷ್ಟ.

ಮೇಷ್ಟ್ರು ಫೋನಿನಲ್ಲಿ ಒಂದೊಂದೇ ಅಂಕಿ ಹೇಳುತ್ತಿದ್ದರು, ನಾನು ಒಂದೊಂದೇ ಅಕ್ಷರ ಬರೆಯುತ್ತಿದ್ದೆ. ಮ್, ಅ, ಹ್, ಆ. ಮಹಾ. ನನ್ನ ಹೆಂಡತಿ ಮಲಗಿದ್ದವಳು ಎದ್ದು ಬಂದು ಪಕ್ಕದಲ್ಲಿ ನಿಂತಳು. ಪ್, ರ್, ಆ, ತ್, ಇ. ಕೈ ಸಣ್ಣಗೆ ನಡುಗುತ್ತಿತ್ತು, ಇದನ್ನು ಬರೆಯುವಾಗಲೂ ಆ ನಡುಕ ನೆನಪಾಗುತ್ತಿದೆ. ಅಂಕಿಗಳ ರಾಶಿ ಆಗಿದ್ದದ್ದು ಕಣ್ಣೆದುರೇ ಮಾತಾಯಿತು, ಅದೂ ನನ್ನ ಭಾಷೆಯ ಮಾತು.

'ಅಷ್ಟಮಹಾಪ್ರಾತಿಹಾರ್ಯ' ಅಂತ ಬಂದಾಗ ನಾವು ನಾಲ್ಕೂ ಜನ ತಬ್ಬಿಬ್ಬು. ಪ್ರಾತಿಹಾರ್ಯ ಅಂದರೇನು ಅಂತ ಗೊತ್ತಿರಲಿಲ್ಲ. ಎಲ್ಲೋ ತಪ್ಪಿದೆ ಅಂದುಕೊಂಡೆವು. ರಾಯರು ವಿವರಿಸಿದರು. ತೀರ್ಥಂಕರರ ಜೊತೆಗಿರುವ ಎಂಟು ವೈಭವಗಳು ಅವು: ಅಶೋಕ ವೃಕ್ಷ, ಹೂಮಳೆ, ದಿವ್ಯಧ್ವನಿ, ಚಾಮರ, ಸಿಂಹಾಸನ, ಪ್ರಭಾವಳಿ, ದುಂದುಭಿ, ಮುಕ್ಕೊಡೆ. ಬಸದಿಯಲ್ಲಿ ಜಿನಬಿಂಬದ ತಲೆಯ ಮೇಲೆ ಮೂರು ಕೊಡೆ ಒಂದರ ಮೇಲೊಂದು ಕೆತ್ತಿರುತ್ತಾರಲ್ಲ, ಅದು ಎಂಟರಲ್ಲಿ ಒಂದು. ಎಷ್ಟು ಸಲ ನೋಡಿದ್ದೆ, ಹೆಸರು ತಿಳಿದಿದ್ದು ಅವತ್ತು.

ಮುಂದೆ ಎರಡು ಕಡೆ ಎಡವಿದೆವು. ಒಂದು ನನ್ನ ತಪ್ಪು. ಮುಂದಿನ ಮಾತು 'ವೈಭಸ' ಅಂತ ಬಂತು. ದಾರಿಯೇ ತಪ್ಪು ಅಂತ ಮತ್ತೆ ಮೊದಲಿನಿಂದ ಎಣಿಸಿದೆವು. ಒಂದು ಗಂಟೆ ಹೋಯಿತು. ಕೊನೆಗೆ ಅಕ್ಕ ಕೇಳಿದರು, "ಆ ಮನೆ ಯಾರ ಪಾಲಿಂದು? ಫೋಟೋದಲ್ಲಿ ಇನ್ನೊಂದ್ಸಲ ದೊಡ್ಡದು ಮಾಡಿ ನೋಡಿ." ನೋಡಿದರೆ ಅದು ೫೬. ನಾನು ೫೯ ಅಂತ ತುಂಬಿದ್ದೆ. ೬ರ ಬಾಲ ಮಬ್ಬಿನಲ್ಲಿ ಕಂಡಿರಲಿಲ್ಲ. 56 ಅಂದರೆ ವ್, 59 ಅಂದರೆ ಸ್. ಒಂದು ಅಂಕಿಯ ಬಾಲದಲ್ಲಿ ಅಕ್ಷರವೇ ಬದಲಾಗುತ್ತೆ ಅಂದಮೇಲೆ, ಇದನ್ನು ತಲೆಮಾರುಗಟ್ಟಲೆ ಕೈಯಲ್ಲಿ ನಕಲು ಮಾಡಿದವರ ಎಚ್ಚರ ಎಂಥದ್ದಿರಬೇಕು! ಅವತ್ತಿನಿಂದ ಪ್ರತಿ ಸಾಲನ್ನೂ ಇಬ್ಬರು ನೋಡುವುದು ಅಂತ ಮಾಡಿಕೊಂಡೆವು.

ಎರಡನೆಯದು 27 ಮನೆ ದಾಟುವಾಗ. 'ವೈಭವದಿಂದ' ಅನ್ನುವ ಮಾತು ಪೂರ್ತಿ ಆಗುವ ಮೊದಲೇ ದಾರಿ ಕಟ್ಟಿಹೋಯಿತು. ಯಾಕೆಂದರೆ ಓರೆಯಲ್ಲಿ ಮುಂದಿನ ಮನೆ ನಾವು ಶುರು ಮಾಡಿದ ಮನೆಯೇ. ಅವಸರದಲ್ಲಿ ಮೇಷ್ಟ್ರ ಕೊನೆಯ ನಿಯಮ ಮರೆತು ಪಕ್ಕದ ಓರೆಗೆ ಹಾರಿದೆವು, ಗೊಂದಲ. ಒಂದು ಮನೆ ಕೆಳಗಿಳಿದು ಮತ್ತೆ ಓರೆ ಹಿಡಿದಾಗ ಮಾತು ಕೂಡಿಕೊಂಡಿತು. ಆಮೇಲೆ ಪ್ರತಿ 27 ಮನೆಗೆ ಒಂದು ಇಳಿತ. 729 ಮನೆ ಮುಗಿಯುವ ಹೊತ್ತಿಗೆ ಆರನೇ ವಾರ.

ಇನ್ನೊಂದು ಸಂಗತಿ ಹೇಳಲೇಬೇಕು. ಮೊದಲ ಪದ್ಯ 'ಅ' ದಿಂದ ಶುರು. ಎರಡನೆಯದು 'ಟವಣೆಯ ಕೋಲು' ಅಂತ ಶುರು. ಟವಣೆಕೋಲು ಅಂದರೆ ಓಲೆಗ್ರಂಥ ಇಡುವ ಪೀಠ. ಹೀಗೆ ಪದ್ಯಗಳ ಮೊದಲಕ್ಷರಗಳನ್ನು ಮೇಲಿಂದ ಕೆಳಕ್ಕೆ ಕೂಡಿಸುತ್ತಾ ಹೋದರೆ 'ಅಟ್ಠವಿಹಕಮ್ಮವಿಯಲಾ' ಅಂತ ಪ್ರಾಕೃತ ಹುಟ್ಟುತ್ತದೆ. ಎಂಟು ಬಗೆಯ ಕರ್ಮ ಕಳೆದುಕೊಂಡವರು ಅಂತ ಅರ್ಥ. ಅದು ತಿಲೋಯಪಣ್ಣತ್ತಿ ಅನ್ನುವ ಪ್ರಾಕೃತ ಗ್ರಂಥದ ಮಂಗಳ ಪದ್ಯದ ಆರಂಭ. ಅಂಕಿಯೊಳಗೆ ಕನ್ನಡ, ಕನ್ನಡದೊಳಗೆ ಪ್ರಾಕೃತ. ಇದನ್ನು ರಾಯರು ಕೊನೆಯ ದಿನದವರೆಗೂ ಬಚ್ಚಿಟ್ಟುಕೊಂಡಿದ್ದರು. ಹೇಳಿದಾಗ ಅಕ್ಕ ಸುಮಾರು ಹೊತ್ತು ಮಾತೇ ಆಡಲಿಲ್ಲ.

ನೀವು ಇದನ್ನು ಹುಡುಕಲು ಹೋದರೆ ದೊಡ್ಡ ದೊಡ್ಡ ಮಾತು ಸಿಗುತ್ತವೆ. 718 ಭಾಷೆ ಇದರಲ್ಲಿದೆ, ಇವತ್ತಿನ ವಿಜ್ಞಾನವೆಲ್ಲ ಇದರಲ್ಲಿದೆ ಅಂತ. ನನ್ನ ಮಾತು ಕೇಳುವುದಾದರೆ, ಕೈಯಾರೆ ಬಿಡಿಸಿ ನೋಡಿದ್ದನ್ನಷ್ಟೇ ನಂಬಿ. ಕಾಲದ ಬಗ್ಗೆಯೂ ಜಗಳ ಇದೆ. ಕವಿ ತನ್ನನ್ನು ರಾಷ್ಟ್ರಕೂಟ ದೊರೆ ಅಮೋಘವರ್ಷನ ಗುರು ಅಂತ ಹೇಳಿಕೊಂಡಿದ್ದಾನೆ ಅಂತ ಕೆಲವರು 9ನೇ ಶತಮಾನ ಅನ್ನುತ್ತಾರೆ. ಆದರೆ ಕಾವ್ಯ ಇರುವುದು ಸಾಂಗತ್ಯ ಅನ್ನುವ ಈಚಿನ ಛಂದಸ್ಸಿನಲ್ಲಿ, ಭಾಷೆಯೂ ಅಷ್ಟು ಹಳೆಯದಲ್ಲ. ಹಾಗಾಗಿ ಎಷ್ಟೋ ವಿದ್ವಾಂಸರು ಇದನ್ನು ಬಹಳ ಈಚೆಗೆ ತರುತ್ತಾರೆ. ಓದಿದ ಮೇಲೆ ನನಗೂ ಈಚಿನದೇ ಅನಿಸಿತು. ಈಚಿನದಾದರೆ ಬೆರಗು ಕಡಿಮೆ ಆಗುತ್ತಾ? ನನಗಂತೂ ಆಗಲಿಲ್ಲ.

ನನಗೆ ಹೆಚ್ಚು ನೆನಪಾಗುವುದು ನಮಗಿಂತ ಮುಂಚೆ ಬಿಡಿಸಿದವರು. ಪಂಡಿತ ಯಲ್ಲಪ್ಪ ಶಾಸ್ತ್ರಿಗಳ ಹತ್ತಿರ ಈ ಗ್ರಂಥದ ಪ್ರತಿ ಇತ್ತು. ಅವರು, ಕರ್ಲಮಂಗಲಂ ಶ್ರೀಕಂಠಯ್ಯನವರು, ಕನ್ನಡ ಬೆರಳಚ್ಚು ಯಂತ್ರಕ್ಕೆ ಹೆಸರಾದ ಅನಂತಸುಬ್ಬರಾಯರು ಸೇರಿ 1953ರಲ್ಲಿ ಬೆಂಗಳೂರಿನಿಂದ ಅಚ್ಚು ಹಾಕಿಸಿದರು. ಎಕ್ಸೆಲ್ ಇಲ್ಲ, ಫೋನ್ ಇಲ್ಲ. ಒಂದು ಚಕ್ರಕ್ಕೆ ನಾವು ಐದು ಜನ ಆರು ವಾರ ತೆಗೆದುಕೊಂಡೆವು. ಅವರು ಕಾಗದ ಪೆನ್ಸಿಲ್ ಹಿಡಿದು ಚಕ್ರದ ಮೇಲೆ ಚಕ್ರ ಬಿಡಿಸಿದರು.

ಈಗಲೂ ನಮ್ಮ ಗುಂಪು ಇದೆ. ಪದಬಂಧದ ಗುಂಪಿನಿಂದ ಹೊರಬಂದು ಬೇರೆಯೇ ಮಾಡಿಕೊಂಡಿದ್ದೇವೆ, ಹೆಸರು 'ಹದಿನಾಲ್ಕನೇ ಮನೆ'. ಹೋದ ದಸರೆಗೆ ಅಕ್ಕ ಮೈಸೂರಿಗೆ ಬಂದಾಗ ಐದೂ ಜನ ಮೊದಲ ಸಲ ಸೇರಿದೆವು. ರಾಯರು ಆ ಹಾಳೆಯನ್ನು ಸುರುಳಿ ಸುತ್ತಿ ತಂದಿದ್ದರು. ಹುಡುಗಿ ಬಂದವಳೇ ಅವರ ಕಾಲಿಗೆ ನಮಸ್ಕಾರ ಮಾಡಿ, ಹಾಳೆ ಬಿಚ್ಚಿ, ನನಗೆ ಆ ೫೬ ತೋರಿಸಿದಳು. ಕಾಗದದ ಮೇಲೆ ಬಾಲ ಸ್ಪಷ್ಟವಾಗಿಯೇ ಇತ್ತು.

ಈಗ ಎರಡನೇ ಚಕ್ರ ಹಿಡಿದಿದ್ದೇವೆ. ಮುಂದೆ ಹಂಸಬಂಧ, ಶ್ರೇಣಿಬಂಧ ಅಂತ ಬೇರೆ ಬೇರೆ ದಾರಿಗಳಿವೆಯಂತೆ, ರಾಯರು ಎಂದಿನಂತೆ ಬಾಯಿ ಬಿಡುತ್ತಿಲ್ಲ. ನಿಮಗೂ ಆಸೆ ಇದ್ದರೆ ಮೊದಲ ಚಕ್ರದಿಂದಲೇ ಶುರು ಮಾಡಿ. ಓದಿದ ಮನೆಗೆಲ್ಲ ಪೆನ್ಸಿಲ್‌ನಲ್ಲಿ ಚುಕ್ಕೆ ಇಡುತ್ತಾ ಹೋಗಿ. ಎಲ್ಲಾದರೂ ಅರ್ಥವಿಲ್ಲದ ಮಾತು ಬಂದರೆ ಮೊದಲು ೬ ಮತ್ತು ೯ ನೋಡಿಕೊಳ್ಳಿ.